ಶಾಸನದ ಚುಕ್ಕಿ ತುಂಬುವ ಅಧಿಕಾರ ಯಾರದು?

2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡದಲ್ಲಿ ಸಂತಾಪ ಸೂಚಿಸಿದರು. ಫೇಸ್‌ಬುಕ್‌ನ ಅನುವಾದ ಯಂತ್ರ ಅದನ್ನು ಇಂಗ್ಲಿಷಿಗೆ ತರುವ ಭರದಲ್ಲಿ ಸಂತಾಪ ಹೇಳಿದವರನ್ನೇ ಸಾಯಿಸಿಬಿಟ್ಟಿತು. ಮೆಟಾ ಕಂಪನಿಗೆ ಪತ್ರ ಹೋಯಿತು, ಕಂಪನಿ ಕ್ಷಮೆ ಕೇಳಿತು, ನಾಡು ನಕ್ಕು ಮರೆಯಿತು. ಬದುಕಿರುವವರು ಎದ್ದು ನಿಂತು ‘ನಾನು ಸತ್ತಿಲ್ಲ’ ಎನ್ನಬಹುದು. ಸಾವಿರ ವರ್ಷದ ಹಿಂದೆ ಸತ್ತವರ ಬಗ್ಗೆ ಯಂತ್ರ ಹೀಗೇ ಬಾಯಿಗೆ ಬಂದದ್ದು ಹೇಳಿದರೆ ತಿದ್ದುವವರು ಯಾರು?

ಈ ಪ್ರಶ್ನೆ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದವರಿಗೆ ದೂರದ್ದೇನಲ್ಲ. ಗಂಗ ದೊರೆ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿ ದೇಹ ಬಿಟ್ಟಳೆಂದು ಹೇಳುವ 971ರ ಶಾಸನ ಕಡೂರಿನದು. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿದೆ. ಅಲ್ಲಿನ ಶಾಸನ ಕವಿ ಜನ್ನನ ರಚನೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಈ ಸೀಮೆಯ ಶಾಸನಗಳನ್ನೆಲ್ಲ ಒಟ್ಟುಮಾಡಿ ಬಿ.ಎಲ್. ರೈಸ್ 1901ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟ ಪ್ರಕಟಿಸಿದರು. ಊರೂರು ಅಲೆದು, ಕಲ್ಲು ತೊಳೆದು, ಪಡಿಯಚ್ಚು ತೆಗೆದು ಓದಿದ ಪಾಠಗಳವು. ಈಗ ಆ ಪುಟಗಳೂ ಕಲ್ಲುಗಳ ಚಿತ್ರಗಳೂ ಡಿಜಿಟಲ್ ರೂಪ ತಾಳುತ್ತಿವೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ‘ಭಾರತ್ ಶ್ರೀ’ ಯೋಜನೆ ಮೊದಲ ಹಂತದಲ್ಲೇ ಒಂದು ಲಕ್ಷ ಪ್ರಾಚೀನ ಶಾಸನಗಳ ಡಿಜಿಟಲೀಕರಣದ ಗುರಿ ಇಟ್ಟುಕೊಂಡಿತು. ಕಲ್ಲು ಸ್ಕ್ಯಾನ್ ಆದ ಮೇಲೆ ಓದುವ ಕೆಲಸವನ್ನು ಕೃತಕ ಬುದ್ಧಿಮತ್ತೆಗೆ ಬಿಡೋಣ ಎಂಬ ಉತ್ಸಾಹವೂ ಜೊತೆಗೇ ಬಂದಿದೆ.

ಡಿಜಿಟಲೀಕರಣ ಬೇಕು. ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಚುಕ್ಕಿಗಳ ಬಗ್ಗೆ.

ರೈಸ್ ಸಂಪುಟಗಳನ್ನು ತೆರೆದವರಿಗೆ ಗೊತ್ತು: ಪಾಠದ ನಡುನಡುವೆ ಚುಕ್ಕಿಗಳ ಸಾಲು ಬರುತ್ತದೆ. ಅಲ್ಲಿ ಕಲ್ಲು ಸವೆದಿದೆ, ಅಕ್ಷರ ಕಾಣದು ಎಂದರ್ಥ. ಊಹಿಸಿ ತುಂಬಿಬಿಡುವಷ್ಟು ಪಾಂಡಿತ್ಯ ಆ ಪಾಠಗಳನ್ನು ಓದಿದವರಿಗೆ ಇತ್ತು. ಆದರೂ ಚುಕ್ಕಿ ಇಟ್ಟು ಮುಂದೆ ಹೋದರು. ಶಾಸನಶಾಸ್ತ್ರದ ಮರ್ಯಾದೆ ನಿಂತಿರುವುದು ಆ ಸಂಯಮದ ಮೇಲೆ. ಇಂದಿನ ಭಾಷಾ ಮಾದರಿಗಳಿಗೆ ಇಲ್ಲದಿರುವುದೂ ಅದೇ. ಮುಂದೆ ಬರಬಹುದಾದ ಪದ ಯಾವುದೆಂದು ಲೆಕ್ಕ ಹಾಕುವುದೇ ಅವುಗಳ ಹುಟ್ಟುಗುಣ. ಖಾಲಿ ಜಾಗ ಕಂಡರೆ ತುಂಬುತ್ತವೆ, ತುಂಬಿದ್ದನ್ನು ನಿಜವೆಂಬ ಧಾಟಿಯಲ್ಲೇ ಹೇಳುತ್ತವೆ.

ಇದರಿಂದ ಆಗುವ ಹಾನಿ ಸಣ್ಣದಲ್ಲ. ಹೊಯ್ಸಳ ಶಾಸನವೊಂದರಲ್ಲಿ ಎರಡು ಬಗೆಯ ಮಾತು ಇರುತ್ತದೆ. ರಾಜನ ಬಿರುದಾವಳಿ ನೂರಾರು ಕಲ್ಲುಗಳಲ್ಲಿ ಹೆಚ್ಚುಕಡಿಮೆ ಒಂದೇ ತೆರ. ಅದರ ಕೆಳಗೆ ಬರುವ ಸಂಗತಿ ಮಾತ್ರ ಆ ಊರಿನದು: ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ ಬಿಟ್ಟರು, ಯಾವ ಸುಂಕ ಮಾಫಿಯಾಯಿತು, ತುರು ಕಾಯುತ್ತ ಮಡಿದವನು ಯಾರ ಮಗ. ಹೆಚ್ಚು ಸಲ ಕಂಡದ್ದನ್ನು ಚೆನ್ನಾಗಿ ಊಹಿಸುವ ಯಂತ್ರ ಬಿರುದಾವಳಿಯನ್ನು ಸಲೀಸಾಗಿ ತುಂಬೀತು. ಜಗತ್ತಿನಲ್ಲಿ ಒಂದೇ ಒಂದು ಸಲ ಕೆತ್ತಲಾದ ಹೆಸರನ್ನು ಎಲ್ಲಿಂದ ತಂದೀತು? ರಾಜನಿಗೆ ಯಂತ್ರದಿಂದ ಭಯವಿಲ್ಲ. ಅಳಿಯುವುದು ರೈತ, ಗೊಲ್ಲ, ಊರಗೌಡ, ಹೆಣ್ಣುಮಗಳು. ಅವರ ಹೆಸರಿನ ಜಾಗದಲ್ಲಿ ಇನ್ಯಾವುದೋ ಊರಿನ ಯಾರದೋ ಹೆಸರು ಬಂದು ಕೂರುತ್ತದೆ. ಚುಕ್ಕಿ ಇದ್ದಿದ್ದರೆ ಮುಂದೊಬ್ಬರು ಹುಡುಕುತ್ತಿದ್ದರು. ಸುಳ್ಳು ಹೆಸರು ಹುಡುಕಾಟವನ್ನೇ ನಿಲ್ಲಿಸುತ್ತದೆ. ಮೇಲಾಗಿ ನಮ್ಮದು ಬಾಬಾಬುಡನ್‌ಗಿರಿಯ ವಿವಾದ ಕಂಡ ಜಿಲ್ಲೆ. ಚರಿತ್ರೆಯ ಒಂದು ಸಾಲಿಗಾಗಿ ಎಷ್ಟು ವರ್ಷ ಬೀದಿಗೂ ಕೋರ್ಟಿಗೂ ಅಲೆಯಬೇಕಾಗುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

‘ಯಂತ್ರ ದಿನದಿನಕ್ಕೆ ಸುಧಾರಿಸುತ್ತಿದೆ, ತಪ್ಪು ತಾನಾಗಿ ಹೋಗುತ್ತದೆ’ ಎನ್ನುವವರಿದ್ದಾರೆ. ಅವರು ನಮ್ಮದೇ ‘ೞ’ ಅಕ್ಷರದ ಪಾಡು ನೋಡಲಿ. ಪಾಂಬಬ್ಬೆಯ ಕಾಲದಲ್ಲಿ ಬಳಕೆಯಲ್ಲಿದ್ದ ಅಕ್ಷರ ಅದು. ಜಗತ್ತಿನ ಕಂಪ್ಯೂಟರುಗಳೆಲ್ಲ ಪಾಲಿಸುವ ಯೂನಿಕೋಡ್ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’. ಇದು ತಪ್ಪೆಂದು ಯೂನಿಕೋಡ್ ಸಂಸ್ಥೆಯೇ ಒಪ್ಪಿಕೊಂಡಿದೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅದರ ನಿಯಮ. ಹಾಗಾಗಿ ತಪ್ಪು ಹಾಗೇ ಕುಳಿತಿದೆ. ಡಿಜಿಟಲ್ ಲೋಕದಲ್ಲಿ ಮೊದಲು ಹೊಕ್ಕದ್ದೇ ಶಾಶ್ವತವಾಗಿಬಿಡುತ್ತದೆ. ಶಾಸನದ ತಪ್ಪು ಪಾಠ ಒಂದು ಸಲ ಮಾದರಿಯ ಹೊಟ್ಟೆ ಸೇರಿದರೆ ಹತ್ತು ಕಡೆ ಉಲ್ಲೇಖವಾಗಿ, ಮುಂದಿನ ಮಾದರಿಗೆ ಅದೇ ಆಧಾರವಾಗುತ್ತದೆ.

ಇನ್ನೊಂದು ಕಡೆ, ಯಂತ್ರವನ್ನು ಶಾಸನದ ಹತ್ತಿರಕ್ಕೂ ಬಿಡಬಾರದೆನ್ನುವ ಮಡಿವಂತರಿದ್ದಾರೆ. ಅವರ ಮಾತೂ ನಿಲ್ಲುವುದಿಲ್ಲ. ಪ್ರಾಚೀನ ಗ್ರೀಕ್ ಶಾಸನಗಳಿಗಾಗಿ ಡೀಪ್‌ಮೈಂಡ್ ಕಂಪನಿ ಮತ್ತು ವಿದ್ವಾಂಸರು ಸೇರಿ ರೂಪಿಸಿದ ‘ಇಥಾಕ’ ಮಾದರಿಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅಳಿದ ಅಕ್ಷರಗಳನ್ನು ಊಹಿಸುವ ಪರೀಕ್ಷೆಯಲ್ಲಿ ಇತಿಹಾಸಕಾರರಷ್ಟೇ ಕುಳಿತಾಗ ಶೇ 25ರಷ್ಟು ಸರಿಯಾಯಿತು, ಯಂತ್ರವೊಂದೇ ಶೇ 62, ಇಬ್ಬರೂ ಸೇರಿದಾಗ ಶೇ 72. ಯಂತ್ರದ ನೆರವು ದೊಡ್ಡದೇ. ಆದರೆ ಎರಡು ಸಂಗತಿ ಮರೆಯುವಂತಿಲ್ಲ. ಆ ಯಂತ್ರ ಒಂದೇ ಉತ್ತರ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಹಲವು ಊಹೆಗಳನ್ನು, ಪ್ರತಿಯೊಂದರ ಸಂಭವವೆಷ್ಟು ಎಂಬುದರೊಡನೆ, ವಿದ್ವಾಂಸರ ಮುಂದಿಡುತ್ತದೆ. ಹಾಗಿದ್ದೂ, ಇಬ್ಬರೂ ಸೇರಿದಾಗಲೂ ನೂರಕ್ಕೆ 28 ತಪ್ಪುತ್ತದೆ. ಎರಡನೆಯದಾಗಿ, ಯಂತ್ರ ಕಲಿತದ್ದು ಮನುಷ್ಯರು ಹತ್ತಾರು ವರ್ಷ ಸಂಪಾದಿಸಿಟ್ಟ ಹತ್ತಾರು ಸಾವಿರ ಗ್ರೀಕ್ ಪಾಠಗಳಿಂದ. ವಿದ್ವಾಂಸರಿಲ್ಲದೆ ಹುಟ್ಟಲಾರದ ಯಂತ್ರದ ಹೆಸರಿನಲ್ಲಿ ವಿದ್ವಾಂಸರನ್ನೇ ಮನೆಗೆ ಕಳಿಸುವುದು ಯಾವ ನ್ಯಾಯ? ಹಳಗನ್ನಡ ಲಿಪಿ ಓದಬಲ್ಲವರನ್ನು ತಯಾರು ಮಾಡದೆ ಯಂತ್ರ ಕೊಂಡರೆ, ಅದು ಹೇಳಿದ್ದು ತಪ್ಪೋ ಸರಿಯೋ ಎನ್ನುವವರೇ ಉಳಿಯುವುದಿಲ್ಲ.

ಊರಿನ ತಿಳಿವಳಿಕೆಯೂ ಬೇಕು. ರೈಸ್ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟರು. ಇಂದಿನ ಚಿಕ್ಕಮಗಳೂರು ಆಗ ಕಡೂರು ಜಿಲ್ಲೆ. ಕೊಪ್ಪ, ಶೃಂಗೇರಿ, ಮೂಡಿಗೆರೆಯ ಕಲ್ಲುಗಳೂ ಅದೇ ಸಂಪುಟದಲ್ಲಿವೆ. ಅಜ್ಜಂಪುರ ತಾಲ್ಲೂಕಾದದ್ದು ತೀರ ಈಚೆಗೆ, ಆದ್ದರಿಂದ ಅದರ ಹೆಸರಿನ ಪಟ್ಟಿಯೇ ಅಲ್ಲಿಲ್ಲ. ಇದು ಗೊತ್ತಿಲ್ಲದ ಯಂತ್ರ ಶೃಂಗೇರಿಯ ಶಾಸನವನ್ನು ಕಡೂರಿನದೆಂದರೆ, ಅಜ್ಜಂಪುರದಲ್ಲಿ ಶಾಸನವೇ ಇಲ್ಲವೆಂದರೆ ಅಚ್ಚರಿಯಿಲ್ಲ. ಕಡೂರಿನ ಒಬ್ಬ ಮೇಷ್ಟರು ಒಂದೇ ನೋಟದಲ್ಲಿ ಹಿಡಿಯುವ ತಪ್ಪು ಅದು. ಆ ಮೇಷ್ಟರ ಕಣ್ಣಿಗೆ ಅದು ಬೀಳುವ ದಾರಿಯನ್ನೇ ಯೋಜನೆಗಳು ಇಟ್ಟುಕೊಂಡಿರುವುದಿಲ್ಲ.

‘ಸ್ಕ್ಯಾನ್ ಆಯಿತು, ಇನ್ನು ಭಯವಿಲ್ಲ’ ಎಂಬ ಸರ್ಕಾರಿ ಸಮಾಧಾನ ಎಲ್ಲಕ್ಕಿಂತ ಅಪಾಯಕಾರಿ. ಅಮೃತಾಪುರದ ಗುಡಿಗೆ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆ ಇದೆ. ಊರ ಮುಂದಿನ ವೀರಗಲ್ಲಿಗೆ, ಕೆರೆ ಏರಿಯ ಮೇಲಿನ ದಾನಶಾಸನಕ್ಕೆ ಯಾವ ರಕ್ಷಣೆಯಿದೆ? ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಮೇಲೆ ಆಯಿಲ್ ಪೇಂಟ್ ಬಳಿಯುತ್ತಾರೆ, ರಸ್ತೆ ಅಗಲಿಸುವಾಗ ಜೆಸಿಬಿ ಕಲ್ಲನ್ನು ಮಣ್ಣಿಗೆ ಸೇರಿಸುತ್ತದೆ. ಯಂತ್ರದ ಓದು ಸರಿಯೇ ಎಂದು ಪರೀಕ್ಷಿಸಲು ಕಟ್ಟಕಡೆಗೆ ಉಳಿಯುವ ಸಾಕ್ಷಿ ಆ ಕಲ್ಲೊಂದೇ. ಸ್ಕ್ಯಾನ್ ಮಾಡಿ ಕಲ್ಲನ್ನು ಕೈಬಿಟ್ಟವರು ಸಾಕ್ಷಿಯನ್ನು ನಾಶಮಾಡಿದವರೇ ಆಗುತ್ತಾರೆ.

ದಾರಿ ಇಲ್ಲದೇ ಇಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಆ ಭಾಗದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಾರ್ವಜನಿಕರ ಮುಂದಿಡುತ್ತಿದೆ. ಕಲ್ಲಿನ ರೂಪ ಎಲ್ಲರ ಕಣ್ಣೆದುರಿಗಿದ್ದರೆ ಪಾಠವನ್ನು ಪ್ರಶ್ನಿಸಲೂ ಬರುತ್ತದೆ.

ಸರ್ಕಾರದ ಹಣದಲ್ಲಿ ನಡೆಯುವ ಪ್ರತಿ ಡಿಜಿಟಲೀಕರಣದ ಕರಾರಿನಲ್ಲೂ ನಾಲ್ಕು ಷರತ್ತು ಬರಬೇಕು. ಯಂತ್ರ ಊಹಿಸಿದ ಅಕ್ಷರ ಬೇರೆ ಬಣ್ಣದಲ್ಲಿ ಕಾಣಬೇಕು, ಮೂಲದ ಚುಕ್ಕಿ ಅಳಿಯಕೂಡದು. ಪ್ರತಿ ಪಾಠಕ್ಕೂ ಹೊಣೆ ಹೊರುವ ಒಬ್ಬ ವಿದ್ವಾಂಸರ ಹೆಸರಿರಬೇಕು. ಚಿತ್ರ ಮತ್ತು ಪಾಠ ಎಲ್ಲರಿಗೂ ಉಚಿತವಾಗಿ ಸಿಗಬೇಕು, ಒಂದು ಪ್ರತಿ ಆಯಾ ಗ್ರಾಮ ಪಂಚಾಯಿತಿಗೂ ಶಾಲೆಗೂ ತಲುಪಬೇಕು. ಸ್ಕ್ಯಾನ್ ಆದ ಕಲ್ಲಿನ ರಕ್ಷಣೆ ಯಾರ ಜವಾಬ್ದಾರಿ ಎಂಬುದು ಅದೇ ಕಾಗದದಲ್ಲಿ ಬರೆದಿರಬೇಕು. ಚಿಕ್ಕಮಗಳೂರು ಜಿಲ್ಲೆ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ, ತರೀಕೆರೆಗೆ ಅದರ ಶಂಕರಘಟ್ಟದ ಆವರಣ ದೂರವೂ ಅಲ್ಲ. ಲಿಪಿ ಓದುವುದನ್ನು ಈ ಮೂರು ತಾಲ್ಲೂಕುಗಳ ಮೇಷ್ಟರಿಗೂ ವಿದ್ಯಾರ್ಥಿಗಳಿಗೂ ಕಲಿಸುವ ಕೆಲಸ ಅಲ್ಲಿಂದ ಶುರುವಾಗಲಿ. ಅದಾಗುವವರೆಗೆ ಯಂತ್ರ ತುಂಬಿದ ಒಂದು ಅಕ್ಷರವೂ ಅಧಿಕೃತ ಪಾಠಕ್ಕೆ ಸೇರಕೂಡದು.