ಎರಡನೆಯ ಕೀಲಿಕೈ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಠಾಣೆಯ ವರ್ತಕ ನಗರದಲ್ಲಿರುವ ನಮ್ಮ ಬಾಡಿಗೆ ಮನೆಯ ಬಾಗಿಲು ಹೊರಗಿನಿಂದ ತೆರೆದುಕೊಂಡಿತು. ನಾವು ಕಚೇರಿಯಲ್ಲಿದ್ದೆವು. ಊರಿನಿಂದ ಬಂದಿದ್ದ ವೃದ್ಧ ತಾಯಿಯವರು ಒಳಗೆ ಮಲಗಿದ್ದರು. ತಮ್ಮಲ್ಲಿದ್ದ ಎರಡನೆಯ ಕೀಲಿಕೈಯಿಂದ ಒಳಬಂದ ಮಾಲೀಕರು ಸ್ನಾನಗೃಹದ ಸೋರಿಕೆಯನ್ನು ನೋಡಿ, ಅಡುಗೆಮನೆಯಲ್ಲಿಯೂ ಕಣ್ಣಾಡಿಸಿ ಹೊರಟುಹೋದರು. ಮರಾಠಿ ಬಾರದ ತಾಯಿಯವರಿಗೆ ಬಂದವರು ಯಾರೆಂಬುದೇ ತಿಳಿಯಲಿಲ್ಲ. ಸಂಜೆ ವಿಚಾರಿಸಿದಾಗ ದೊರೆತ ಉತ್ತರ ಚಿಕ್ಕದು: "ಮನೆ ನನ್ನದಲ್ಲವೇ?"

ಮನೆ ಅವರದೆಂಬುದರಲ್ಲಿ ವಿವಾದವಿಲ್ಲ. ಆದರೆ ಬಾಡಿಗೆಗೆ ಕೊಟ್ಟ ಅವಧಿಯಲ್ಲಿ ಆ ಹೊಸ್ತಿಲನ್ನು ದಾಟಲು ಒಡೆತನವೊಂದೇ ಸಾಲದೆಂಬುದು ನಮ್ಮ ಅಭಿಪ್ರಾಯ. ಕಾನೂನು ಹೇಳುವುದೂ ಇದನ್ನೇ.

ಇಲ್ಲಿ ನಮ್ಮಂಥವರಿಗೆ ಮನೆ ದೊರೆಯುವುದು ಸಾಮಾನ್ಯವಾಗಿ ಹನ್ನೊಂದು ತಿಂಗಳ 'ಲೀವ್ ಅಂಡ್ ಲೈಸೆನ್ಸ್' ಕರಾರಿನ ಮೇಲೆ. 1882ರ ಈಸ್‌ಮೆಂಟ್ಸ್ ಅಧಿನಿಯಮದ 52ನೆಯ ಕಲಮಿನಂತೆ ಲೈಸೆನ್ಸು ಆಸ್ತಿಯಲ್ಲಿ ಯಾವ ಹಿತಾಸಕ್ತಿಯನ್ನೂ ಉಂಟುಮಾಡದು. ಇದನ್ನೇ ಮುಂದಿಟ್ಟು, "ನೀವು ಬಾಡಿಗೆದಾರರೂ ಅಲ್ಲ" ಎನ್ನುವವರುಂಟು. ಆದರೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮದ 28ನೆಯ ಕಲಮು ಬಾಡಿಗೆದಾರನನ್ನೂ ಲೈಸೆನ್ಸುದಾರನನ್ನೂ ಒಟ್ಟಿಗೆ ಹೆಸರಿಸುತ್ತದೆ. ಮಾಲೀಕನು ಮನೆಯನ್ನು ಪರಿಶೀಲಿಸಬಹುದು. ಆದರೆ ಮುಂಚಿತವಾಗಿ ಸೂಚನೆ ನೀಡಿ, ಯುಕ್ತವಾದ ವೇಳೆಯಲ್ಲಿ. ಎಷ್ಟು ಮುಂಚಿತವಾಗಿ ಎಂಬುದನ್ನು ಆ ಕಲಮು ಹೇಳುವುದಿಲ್ಲ. ಕೇಂದ್ರವು ರಾಜ್ಯಗಳ ಮುಂದಿಟ್ಟಿರುವ 2021ರ ಮಾದರಿ ಬಾಡಿಗೆ ಅಧಿನಿಯಮವು ಕನಿಷ್ಠ 24 ಗಂಟೆ ಎನ್ನುತ್ತದೆ. ಸೂಚನೆಯು ಲಿಖಿತವಾಗಿಯೋ ವಿದ್ಯುನ್ಮಾನ ಮಾಧ್ಯಮದಲ್ಲಿಯೋ ಇರಬೇಕು. ರಾಜ್ಯವು ಅಂಗೀಕರಿಸದೆ ಅದು ಯಾರನ್ನೂ ಕಟ್ಟಿಹಾಕದು. ಆದರೂ ಆ 24 ಗಂಟೆಯನ್ನು ನಮ್ಮ ಕರಾರಿನಲ್ಲಿ ಬರೆಸಿಕೊಳ್ಳಲು ಅಡ್ಡಿಯಿಲ್ಲ.

ಮಾಲೀಕರ ಆತಂಕವೂ ಸುಳ್ಳಲ್ಲ. ಮಳೆಗಾಲದಲ್ಲಿ ಹಳೆಯ ಕಟ್ಟಡಗಳ ಸೋರಿಕೆ ಕೆಳಮನೆಯ ಛಾವಣಿಯನ್ನು ಕೆಡಿಸುತ್ತದೆ. ದೂರು ಬರುವುದು ಮಾಲೀಕರಿಗೆ. ಬೆಂಕಿ, ಅನಿಲ ಸೋರಿಕೆಗಳಂಥ ಆಪತ್ತಿನಲ್ಲಿ ಸೂಚನೆಗಾಗಿ ಯಾರೂ ಕಾಯಬೇಕಿಲ್ಲ. ಉಳಿದ ಸಂದರ್ಭಗಳಲ್ಲಿ ಒಂದು ದಿನ ಮೊದಲು ಕಳುಹಿಸಿದ ವಾಟ್ಸಾಪ್ ಸಂದೇಶದಿಂದ ಮಾಲೀಕರು ಕಳೆದುಕೊಳ್ಳುವುದೇನು?

ಇಷ್ಟನ್ನು ಬರೆಯುವಾಗ ನಮ್ಮನ್ನು ಇನ್ನೊಂದು ಸಂಗತಿ ಚುಚ್ಚುತ್ತದೆ. ವರ್ಗಾವಣೆಯ ನೌಕರಿಯಲ್ಲಿರುವ ನಮ್ಮಂಥ ಅನೇಕರು ಇಲ್ಲಿ ಬಾಡಿಗೆದಾರರು, ಊರಿನಲ್ಲಿ ಮಾಲೀಕರು. ಧಾರವಾಡದ ನಮ್ಮ ಮನೆಯ ಎರಡನೆಯ ಕೀಲಿಕೈ ಬಹುಕಾಲದಿಂದ ನೆರೆಯವರ ಬಳಿಯಿತ್ತು. "ಒಮ್ಮೆ ಒಳಗೆ ಹೋಗಿ ನೋಡಿ ಬನ್ನಿ" ಎಂದು ಅವರಿಗೆ ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಅಲ್ಲಿ ವಾಸವಿದ್ದ ಕುಟುಂಬವನ್ನು ಕೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಮನೆ ನಮ್ಮದಲ್ಲವೇ?

ಆದುದರಿಂದ ಹೊರನಾಡಿನ ಕನ್ನಡಿಗರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಕರಾರಿಗೆ ಸಹಿ ಹಾಕುವ ಮೊದಲು ಮೂರು ಮಾತು ಬರೆಸಿಕೊಳ್ಳಿ: ಪರಿಶೀಲನೆಗೆ ಒಂದು ದಿನದ ಸೂಚನೆ ಮತ್ತು ಕಾರಣ, ಮನೆಯವರಲ್ಲಿ ಒಬ್ಬರ ಉಪಸ್ಥಿತಿ, ಎರಡನೆಯ ಕೀಲಿಕೈ ಯಾರ ಬಳಿ, ಯಾವಾಗ ಬಳಸಲು. ಊರಿನ ನಿಮ್ಮ ಮನೆಯ ಕರಾರಿನಲ್ಲಿಯೂ ಅವೇ ಮೂರು ಮಾತುಗಳಿರಲಿ.

ಧಾರವಾಡದ ಆ ಕೀಲಿಕೈಯನ್ನು ನಾವು ದೀಪಾವಳಿಗೆ ಹೋದಾಗ ಅಲ್ಲಿರುವ ಕುಟುಂಬಕ್ಕೆ ಒಪ್ಪಿಸಿ ಬಂದೆವು.