ಪ್ರಶ್ನೆಗೆ ಅಂಜುವ ದೇಶಭಕ್ತಿ

ಮಲೆನಾಡಿನ ಸರ್ಕಾರಿ ಶಾಲೆಯ ದಿನ ಪ್ರಾರ್ಥನೆಯಿಂದ ಆರಂಭವಾಗುತ್ತದೆ. ಜಡಿಮಳೆ ಹಿಡಿದ ದಿನಗಳಲ್ಲಿ ಅಂಗಳದ ಬದಲು ಜಗಲಿಯಲ್ಲಿ ಸಾಲು ನಿಲ್ಲುವ ಮಕ್ಕಳು ನಾಡಗೀತೆಯನ್ನೂ ರಾಷ್ಟ್ರಗೀತೆಯನ್ನೂ ಹಾಡುತ್ತಾರೆ. 2023ರಲ್ಲಿ ರಾಜ್ಯ ಸರ್ಕಾರ ಕಡ್ಡಾಯಗೊಳಿಸಿದ ಮೇಲೆ ಸಂವಿಧಾನದ ಪೀಠಿಕೆಯ ಓದೂ ಸೇರಿದೆ. ವಿಚಾರ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ಎಂಬ ಮಾತು ಆ ಎಳೆಯ ಬಾಯಿಗಳಿಂದ ಹೊರಡುತ್ತದೆ. ಇದರಲ್ಲಿ ಆಕ್ಷೇಪಿಸುವಂಥದ್ದು ಏನೂ ಇಲ್ಲ. ಆಕ್ಷೇಪವಿರುವುದು ಪ್ರಾರ್ಥನೆ ಮುಗಿದು ಪಾಠ ಆರಂಭವಾದ ಮೇಲೆ. ಅಣೆಕಟ್ಟೆಗಳು ದೇಶದ ಪ್ರಗತಿಯ ಸಂಕೇತ ಎಂದು ಬರೆದ ಮಗುವಿಗೆ ಪೂರ್ಣ ಅಂಕ ದೊರೆಯುತ್ತದೆ. ಹಾಗಾದರೆ ಅಜ್ಜನ ಊರು ಏಕೆ ಮುಳುಗಿತು ಎಂದು ಕೇಳಿದ ಮಗುವಿಗೆ, ಪಾಠದಲ್ಲಿ ಇರುವುದನ್ನಷ್ಟೇ ಓದು ಎಂಬ ಉತ್ತರ ದೊರೆಯುತ್ತದೆ.

ಹೀಗೆ ಹತ್ತು ವರ್ಷ ಕಲಿತ ಮಗು ಮುಂದೆ ಮತದಾರನಾಗುತ್ತದೆ, ಶಿಕ್ಷಕನಾಗುತ್ತದೆ, ಅಧಿಕಾರಿಯಾಗುತ್ತದೆ. ರಾಷ್ಟ್ರಹಿತ ಎಂಬ ಪದ ಕಿವಿಗೆ ಬಿದ್ದೊಡನೆ ಬಾಯಿ ಮುಚ್ಚುವುದು ಅದಕ್ಕೆ ಆ ಹೊತ್ತಿಗೆ ರೂಢಿಯಾಗಿರುತ್ತದೆ. ಕುರುಡು ದೇಶಭಕ್ತಿ ಯಾರ ಹೃದಯದಲ್ಲೂ ತಾನಾಗಿ ಹುಟ್ಟುವುದಿಲ್ಲ. ಸಸಿಮಡಿಯಲ್ಲಿ ಸಸಿ ಬೆಳೆಸಿದಂತೆ ಮನೆ, ಶಾಲೆ, ಸಿನಿಮಾ, ಪತ್ರಿಕೆಗಳು ಕೂಡಿ ಅದನ್ನು ಬೆಳೆಸುತ್ತವೆ. ಮಕ್ಕಳು ಹಾಡುವ ನಾಡಗೀತೆಯನ್ನು ರಚಿಸಿದ ಕುವೆಂಪು ಅವರೇ, ವಿಶ್ವಮಾನವನಾಗಿ ಹುಟ್ಟಿದ ಮಗುವನ್ನು ಸಮಾಜ ತನ್ನ ಕಟ್ಟುಗಳಿಂದ ಕುಬ್ಜಗೊಳಿಸುವುದರ ವಿರುದ್ಧ ಎಚ್ಚರಿಸಿದ್ದರು. ಹಾಡು ಉಳಿಯಿತು, ಎಚ್ಚರಿಕೆ ಮರೆಯಾಯಿತು.

ಈ ರೂಢಿಯ ಬೆಲೆ ಏನೆಂಬುದನ್ನು ನದಿ ಕಣಿವೆಗಳ ಜನ ಬಲ್ಲರು. 1948ರಲ್ಲಿ ಒಡಿಶಾದ ಹಿರಾಕುಡ್ ಅಣೆಕಟ್ಟೆಯಿಂದ ನೆಲೆ ಕಳೆದುಕೊಳ್ಳಲಿದ್ದವರಿಗೆ, ದೇಶದ ಹಿತಕ್ಕಾಗಿ ಕಷ್ಟ ಸಹಿಸಬೇಕೆಂಬ ಉಪದೇಶ ಸ್ವತಃ ಪ್ರಧಾನಿ ನೆಹರೂ ಅವರಿಂದ ಬಂದಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ಶರಾವತಿ ಕಣಿವೆಯ ಗದ್ದೆ, ತೋಟ, ಊರುಗಳು ಮುಳುಗಿದಾಗಲೂ ಅದೇ ಮಾತು ಕೇಳಿಬಂತು. ನಾಡಿಗೆ ಬೆಳಕು ಕೊಟ್ಟವರೆಂದು ಹೊಗಳಿಸಿಕೊಂಡ ಆ ಕುಟುಂಬಗಳು ದಶಕಗಳು ಕಳೆದರೂ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದವು. ತ್ಯಾಗ ಎಂಬುದು ಕೊಡುವವನ ಇಚ್ಛೆಯಿಂದ ನಡೆಯುವ ಕ್ರಿಯೆ. ಕೇಳದೆ ಕಸಿದುಕೊಂಡು, ಕಳೆದುಕೊಂಡವನ ಕೊರಳಿಗೆ ತ್ಯಾಗಿ ಎಂಬ ಹಾರ ಹಾಕುವುದಕ್ಕೆ ಬೇರೆಯೇ ಹೆಸರಿದೆ.

ಸಂವಿಧಾನ ಹೇಳುವ ದೇಶಪ್ರೇಮ ಇಂಥದ್ದಲ್ಲ. 1976ರ 42ನೇ ತಿದ್ದುಪಡಿಯ ಮೂಲಕ ಸೇರಿದ 51-ಎ ವಿಧಿ ನಾಗರಿಕರ ಮೂಲಭೂತ ಕರ್ತವ್ಯಗಳನ್ನು ಪಟ್ಟಿ ಮಾಡಿದೆ. ಸಂವಿಧಾನವನ್ನೂ ರಾಷ್ಟ್ರಧ್ವಜ, ರಾಷ್ಟ್ರಗೀತೆಗಳನ್ನೂ ಗೌರವಿಸುವುದು ಅದರ ಮೊದಲನೆಯ ಕರ್ತವ್ಯ. ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ರಕ್ಷಿಸುವುದು ಏಳನೆಯದು. ವೈಜ್ಞಾನಿಕ ಮನೋಭಾವ ಮತ್ತು ಪ್ರಶ್ನಿಸಿ ತಿಳಿಯುವ ಪ್ರವೃತ್ತಿಯನ್ನು ಬೆಳೆಸಿಕೊಳ್ಳುವುದು ಎಂಟನೆಯದು. ಒಂದೇ ವಿಧಿಯಲ್ಲಿ, ಒಂದೇ ತೂಕದಲ್ಲಿ ಈ ಮೂರೂ ನಿಂತಿವೆ. ಆದರೆ ಮೊದಲನೆಯದನ್ನು ಮರೆತವನು ದ್ರೋಹಿ ಎನಿಸಿಕೊಳ್ಳುತ್ತಾನೆ. ಏಳನೆಯದನ್ನೂ ಎಂಟನೆಯದನ್ನೂ ನೆನಪಿಸಿದವನೂ ದ್ರೋಹಿ ಎನಿಸಿಕೊಳ್ಳುತ್ತಾನೆ. ಪಟ್ಟಿಯ ಒಂದು ಸಾಲನ್ನು ಹಿಡಿದು ಉಳಿದ ಸಾಲುಗಳನ್ನು ಹೊಡೆದುಹಾಕುವ ಈ ಭಕ್ತಿ ಸಂವಿಧಾನದ್ದಂತೂ ಅಲ್ಲ.

ಮೊದಲನೆಯ ಕರ್ತವ್ಯದ ವಿಷಯದಲ್ಲಿ ಕೂಡ ಸರ್ವೋಚ್ಚ ನ್ಯಾಯಾಲಯ ಬಲವಂತವನ್ನು ಒಪ್ಪಿಲ್ಲ. 1985ರಲ್ಲಿ ಕೇರಳದ ಶಾಲೆಯೊಂದರ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಂತರೂ ಧಾರ್ಮಿಕ ನಂಬಿಕೆಯ ಕಾರಣ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಲ್ಪಟ್ಟರು. 1986ರಲ್ಲಿ ನ್ಯಾಯಾಲಯ ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಮೌನವೂ ಅಭಿವ್ಯಕ್ತಿಯ ಹಕ್ಕಿನೊಳಗೇ ಸೇರುತ್ತದೆ ಎಂಬುದು ಆ ತೀರ್ಪಿನ ತಿರುಳು. ಹಾಡದಿರುವ ಮಗುವಿಗೇ ಇಷ್ಟು ರಕ್ಷಣೆಯಿರುವ ದೇಶದಲ್ಲಿ, ಕಾಡು ಕಡಿಯಬೇಡಿ ಎನ್ನುವ ರೈತನಿಗೆ ರಕ್ಷಣೆ ಇಲ್ಲವೇ?

ಇದೆ. ಅಭಿವ್ಯಕ್ತಿಗೆ ಮಿತಿ ಇರಲೇಬೇಕೆಂದು ವಾದಿಸುವವರು ಸಂವಿಧಾನದ 19(2)ನೇ ವಿಧಿಯನ್ನು ಒಮ್ಮೆ ಓದಬೇಕು. ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ: ಮಿತಿ ಹೇರಲು ಅಲ್ಲಿರುವ ಆಧಾರಗಳು ಇವಿಷ್ಟೇ. ಅಭಿವೃದ್ಧಿ ಎಂಬ ಪದ ಆ ಪಟ್ಟಿಯಲ್ಲಿಲ್ಲ. ಮೆಗಾವಾಟ್ ಎಂಬ ಪದವೂ ಇಲ್ಲ. ಯೋಜನೆಯೊಂದನ್ನು ವಿರೋಧಿಸುವುದು ದೇಶವನ್ನು ವಿರೋಧಿಸಿದಂತೆ ಎಂಬ ಸಮೀಕರಣ ಸಂವಿಧಾನದಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಅದು ಸಿಗುವುದು ವಸಾಹತು ಕಾಲದ ಕಾನೂನಿನ ಮನೋಧರ್ಮದಲ್ಲಿ. 1870ರಲ್ಲಿ ಬ್ರಿಟಿಷರು ದಂಡಸಂಹಿತೆಗೆ ಸೇರಿಸಿದ 124-ಎ ಕಲಂ 1897ರಲ್ಲಿ ತಿಲಕರನ್ನೂ 1922ರಲ್ಲಿ ಗಾಂಧೀಜಿಯನ್ನೂ ಸೆರೆಮನೆಗೆ ಕಳಿಸಿತು. ಕಾನೂನಿನ ಕನ್ನಡದಲ್ಲಿ ಆ ಅಪರಾಧದ ಹೆಸರು ರಾಜದ್ರೋಹ. ಸ್ವಾತಂತ್ರ್ಯಾನಂತರ ರಾಜನೇ ಇಲ್ಲವಾದುದರಿಂದ ಆ ಶಬ್ದ ಅರ್ಥ ಕಳೆದುಕೊಳ್ಳಬೇಕಿತ್ತು. ಬದಲಿಗೆ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ಅದು ದೇಶದ್ರೋಹವಾಯಿತು. ಒಂದು ಶಬ್ದ ಪಲ್ಲಟದಿಂದ ಸರ್ಕಾರವೇ ದೇಶವಾಗಿಬಿಟ್ಟಿತು. 1962ರಲ್ಲಿ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಹಿಂಸೆಗೆ ಅಥವಾ ಅವ್ಯವಸ್ಥೆಗೆ ಪ್ರಚೋದಿಸದ ಟೀಕೆ ಈ ಅಪರಾಧವಾಗದು ಎಂದು ಸ್ಪಷ್ಟಪಡಿಸಿತು. 2022ರ ಮೇ ತಿಂಗಳಲ್ಲಿ ಆ ಕಲಮಿನ ಬಳಕೆಯನ್ನೇ ತಡೆಹಿಡಿಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹ ಎಂಬ ಪದವಿಲ್ಲ. ಆದರೆ ಅದರ 152ನೇ ಕಲಂ ಜೀವಾವಧಿಗೆ ಪರ್ಯಾಯವಾಗಿದ್ದ ಮೂರು ವರ್ಷಗಳ ಶಿಕ್ಷೆಯ ಮಿತಿಯನ್ನು ಏಳಕ್ಕೆ ಏರಿಸಿದೆ. ನ್ಯಾಯಸಮ್ಮತ ಟೀಕೆ ಅಪರಾಧವಲ್ಲ ಎಂಬ ವಿವರಣೆ ಹಳೆಯ ಕಲಮಿನಲ್ಲೂ ಇತ್ತು. ಇದ್ದೂ ಯಾರನ್ನು ಕಾಪಾಡಿತು?

ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರವನ್ನು 2011 ಮತ್ತು 2012ರಲ್ಲಿ ವಿರೋಧಿಸಿದ ಇಡಿಂದಕರೈ ಸುತ್ತಲಿನ ಮೀನುಗಾರರನ್ನಂತೂ ಕಾಪಾಡಲಿಲ್ಲ. ಹೆಂಗಸರೂ ಸೇರಿದಂತೆ ಸಾವಿರಾರು ಜನರ ಮೇಲೆ ರಾಜದ್ರೋಹದ ಆರೋಪ ಬಿತ್ತು. ಅವರು ಕೇಳಿದ್ದು, ಅಪಘಾತವಾದರೆ ಎಲ್ಲಿಗೆ ಓಡಬೇಕು, ಕಡಲಿಗೆ ಬಿಡುವ ನೀರಿನಿಂದ ಮೀನುಗಳಿಗೆ ಏನಾಗುತ್ತದೆ ಎಂಬುದನ್ನು. 2013ರ ಮೇ ತಿಂಗಳಲ್ಲಿ ಸ್ಥಾವರಕ್ಕೆ ಅನುಮತಿ ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯವೇ, ಆ ಜನರ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನು ಹಿಂಪಡೆಯಲು ಪ್ರಯತ್ನಿಸಬೇಕೆಂದು ಸೂಚಿಸಿತು. 2021ರ ಫೆಬ್ರವರಿಯಲ್ಲಿ ರೈತ ಚಳವಳಿಯ ಬೆಂಬಲಕ್ಕೆ ಸಂಬಂಧಿಸಿದ ಕೈಪಿಡಿಯೊಂದರ ಕಾರಣಕ್ಕೆ ಬೆಂಗಳೂರಿನ ಯುವ ಪರಿಸರ ಕಾರ್ಯಕರ್ತೆಯೊಬ್ಬಳನ್ನು ದೆಹಲಿ ಪೊಲೀಸರು ಇದೇ ಆರೋಪದ ಮೇಲೆ ಬಂಧಿಸಿದರು. ಸರ್ಕಾರದ ನೀತಿಯನ್ನು ಒಪ್ಪದ ಕಾರಣಕ್ಕಷ್ಟೇ ನಾಗರಿಕರನ್ನು ಸೆರೆಯಲ್ಲಿಡುವಂತಿಲ್ಲ ಎಂದು ಹೇಳಿ ನ್ಯಾಯಾಲಯ ಆಕೆಗೆ ಜಾಮೀನು ನೀಡಿತು.

ಬಾಯಿ ಮುಚ್ಚಿಸಲು ಪೊಲೀಸರೇ ಬರಬೇಕೆಂದಿಲ್ಲ. 1997ರಲ್ಲಿ ಕಡ್ಡಾಯವಾದ ಸಾರ್ವಜನಿಕ ಅಹವಾಲು ಸಭೆ ಬಡವನಿಗೆ ದೊರೆತ ದೊಡ್ಡ ಸಾಧನ. ಆದರೆ 2006ರ ಪರಿಸರ ಪರಿಣಾಮ ಅಧಿಸೂಚನೆ, ರಾಷ್ಟ್ರರಕ್ಷಣೆಗೆ ಸಂಬಂಧಿಸಿದ ಯೋಜನೆಗಳನ್ನಷ್ಟೇ ಅಲ್ಲದೆ, ಕೇಂದ್ರ ಸರ್ಕಾರ ವ್ಯೂಹಾತ್ಮಕವೆಂದು ತೀರ್ಮಾನಿಸುವ ಇತರ ಯೋಜನೆಗಳನ್ನೂ ಜನಾಭಿಪ್ರಾಯದಿಂದ ಹೊರಗಿಟ್ಟಿತು. 2023ರಲ್ಲಿ ತಿದ್ದುಪಡಿಯಾದ ಅರಣ್ಯ ಸಂರಕ್ಷಣಾ ಕಾಯ್ದೆ, ಅಂತರರಾಷ್ಟ್ರೀಯ ಗಡಿಯಿಂದ 100 ಕಿಲೋಮೀಟರ್ ಒಳಗೆ ರಾಷ್ಟ್ರೀಯ ಮಹತ್ವದ ರಸ್ತೆ, ಮಾರ್ಗಗಳಿಗೆ ವಿನಾಯಿತಿ ಕೊಟ್ಟಿತು. ಈಶಾನ್ಯದ ಬಹುಪಾಲು ಬೆಟ್ಟಕಾಡು ಈ ಅಳತೆಯೊಳಗೇ ಬರುತ್ತದೆ. ಕುಸಿದ ಗುಡ್ಡ ಸೈನಿಕರ ಲಾರಿಯನ್ನೂ ತಡೆಯುತ್ತದೆ ಎಂಬುದನ್ನು ಹೇಳಲು ಅಲ್ಲಿನವರಿಗೆ ವೇದಿಕೆ ಉಳಿಯಬೇಡವೇ?

ಗೋಪ್ಯತೆಯ ಪರಿಣಾಮ ಏನೆಂಬುದಕ್ಕೆ ಸಹ್ಯಾದ್ರಿಯ ಮಡಿಲಲ್ಲೇ ನಿದರ್ಶನವಿದೆ. ಕಾಳಿ ನದಿಯ ದಡದ ಕೈಗಾ ಅಣುಸ್ಥಾವರವನ್ನು ಶಿವರಾಮ ಕಾರಂತರು ಎದುರಿಸಿದರು. ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು. 1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಮೊದಲ ಘಟಕದ ಗುಮ್ಮಟದ ಒಳಭಾಗದ ಕಾಂಕ್ರೀಟು ಕಳಚಿ ಬಿದ್ದಿತು. ಸ್ಥಾವರ ಇನ್ನೂ ಚಾಲನೆಗೆ ಬಂದಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. ಮರುವರ್ಷ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ದೇಶದ ಸ್ಥಾವರಗಳ ಸುರಕ್ಷತಾ ಕೊರತೆಗಳ ಕುರಿತು ವರದಿ ಸಿದ್ಧಪಡಿಸಿತು. ಅದನ್ನು ಬಹಿರಂಗಪಡಿಸಬೇಕೆಂದು ನಾಗರಿಕ ಸಂಘಟನೆಗಳು ಹೂಡಿದ ಮೊಕದ್ದಮೆಯಲ್ಲಿ, 1962ರ ಪರಮಾಣು ಶಕ್ತಿ ಕಾಯ್ದೆಯ ಗೋಪ್ಯತೆಯ ಅಧಿಕಾರವನ್ನು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಸ್ಥಾವರದ ಪಕ್ಕ ಬದುಕುವವರಿಗೆ ತಮ್ಮ ಅಪಾಯದ ಅಳತೆ ತಿಳಿಯುವ ಹಕ್ಕು ದೊರೆಯಲಿಲ್ಲ. ಅದೇ ಕೈಗಾದ ಮೊದಲ ಘಟಕ 2018ರ ಡಿಸೆಂಬರ್‌ವರೆಗೆ ನಿರಂತರ 962 ದಿನ ನಡೆದು ವಿಶ್ವದಾಖಲೆ ಮಾಡಿತು. ತಂತ್ರಜ್ಞರ ಆ ಸಾಧನೆಯನ್ನು ಅಲ್ಲಗಳೆಯಬೇಕಿಲ್ಲ. ಆದರೆ ಸಾಧನೆಯನ್ನು ಡಂಗುರ ಹೊಡೆದು, ಕೊರತೆಯ ಪಟ್ಟಿಯನ್ನು ಕಪಾಟಿನಲ್ಲಿ ಇಡುವ ದೇಶಾಭಿಮಾನ ಅರ್ಧ ಸತ್ಯದ ಅಭಿಮಾನ.

ಪ್ರಶ್ನಿಸುವವರನ್ನು ದ್ರೋಹಿಗಳೆಂದು ಕರೆದ ದೇಶಕ್ಕೆ ಕಡೆಗೆ ಏನಾಗುತ್ತದೆ ಎಂಬುದನ್ನು ಕೃಷಿವಿಜ್ಞಾನದ ಚರಿತ್ರೆಯೇ ದಾಖಲಿಸಿದೆ. ಸೋವಿಯತ್ ರಷ್ಯಾದ ನಿಕೊಲಾಯ್ ವಾವಿಲೋವ್ ಲೋಕದ ಮೂಲೆಮೂಲೆಗಳಿಂದ ಬೆಳೆಗಳ ತಳಿಗಳನ್ನು ಸಂಗ್ರಹಿಸಿ ಲೆನಿನ್‌ಗ್ರಾಡ್‌ನಲ್ಲಿ ಬೀಜಭಂಡಾರ ಕಟ್ಟಿದ ವಿಜ್ಞಾನಿ. ತಳಿಗುಣದ ನಿಯಮಗಳನ್ನು ತಳ್ಳಿಹಾಕಿ, ಬೆಳೆಯನ್ನು ಬೇಕಾದಂತೆ ಬೇಗ ಬದಲಿಸಬಹುದೆಂದು ಭರವಸೆ ಕೊಟ್ಟವನು ಲೈಸೆಂಕೊ. ಪ್ರಭುತ್ವಕ್ಕೆ ಭರವಸೆ ಹಿತವಾಯಿತು, ಪುರಾವೆ ಕಹಿಯಾಯಿತು. 1940ರಲ್ಲಿ ಬಂಧಿತರಾದ ವಾವಿಲೋವರ ಮೇಲೆ ಕೃಷಿಗೆ ಹಾನಿ ಮಾಡಿದ, ಬ್ರಿಟನ್ನಿಗೆ ಬೇಹುಗಾರಿಕೆ ನಡೆಸಿದ ಆರೋಪ ಹೊರಿಸಲಾಯಿತು. ದೇಶಕ್ಕೆ ಅನ್ನ ಒದಗಿಸಲು ಜೀವ ತೇದ ಆ ಮನುಷ್ಯ 1943ರಲ್ಲಿ ಸರತೋವ್ ಸೆರೆಮನೆಯಲ್ಲಿ ಹಸಿವಿನಿಂದ ಕೃಶವಾಗಿ ಸತ್ತರು. ಯುದ್ಧದ ಬಳಿಕ ಅಮೆರಿಕದ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಬರೆದುದಕ್ಕೆ ತಳಿವಿಜ್ಞಾನಿ ಝೆಬ್ರಾಕ್ ಅವರನ್ನು 1947ರಲ್ಲಿ ದೇಶಭಕ್ತಿ ಇಲ್ಲದವರೆಂದು ವಿಚಾರಣೆಗೆ ನಿಲ್ಲಿಸಲಾಯಿತು. 1948ರಲ್ಲಿ ತಳಿವಿಜ್ಞಾನದ ಬೋಧನೆಯೇ ನಿಷಿದ್ಧವಾಯಿತು. 1960ರ ದಶಕದ ನಡುವೆ ಲೈಸೆಂಕೊನ ಪ್ರಭಾವ ಮುಗಿಯುವ ಹೊತ್ತಿಗೆ ಒಂದು ತಲೆಮಾರಿನ ವಿಜ್ಞಾನ ನಾಶವಾಗಿತ್ತು. ಅಂದು ಚಪ್ಪಾಳೆ ತಟ್ಟಿದವರೆಲ್ಲರೂ ದೇಶಭಕ್ತರೇ. ಆದರೆ ಗೋಧಿಯ ತೆನೆ ಚಪ್ಪಾಳೆಗೆ ತುಂಬುವುದಿಲ್ಲ.

ಹಾಗೆಂದು ಈ ರೋಗ ದೆಹಲಿಯದೋ ಮಾಸ್ಕೋದ್ದೋ ಎಂದು ಹೇಳಿ ಮಲೆನಾಡು ತಪ್ಪಿಸಿಕೊಳ್ಳುವಂತಿಲ್ಲ. ಮಾಧವ ಗಾಡ್ಗೀಳ್ ಸಮಿತಿ ಪಶ್ಚಿಮ ಘಟ್ಟಗಳ ಕುರಿತ ವರದಿಯನ್ನು 2011ರ ಆಗಸ್ಟಿನಲ್ಲಿ ಸಲ್ಲಿಸಿತು. ಕೇಂದ್ರ ಸಚಿವಾಲಯ ಅದನ್ನು ಮುಚ್ಚಿಟ್ಟಿತು. ಮಾಹಿತಿ ಆಯೋಗದ ಆದೇಶ ಮತ್ತು ದೆಹಲಿ ಹೈಕೋರ್ಟಿನ ನಿರ್ಧಾರದ ನಂತರ 2012ರ ಮೇ ತಿಂಗಳಲ್ಲಷ್ಟೇ ಅದು ಹೊರಬಂತು. ನಿರ್ಧಾರಗಳನ್ನು ಗ್ರಾಮಸಭೆಗಳ ಮುಂದಿಡಬೇಕೆಂದು ಬಯಸಿದ ಆ ವರದಿಯನ್ನು, ಹಳ್ಳಿಗಳನ್ನು ಒಕ್ಕಲೆಬ್ಬಿಸುವ ಸಂಚು ಎಂಬಂತೆ ಊರೂರಿನಲ್ಲಿ ಸಾರಲಾಯಿತು. ಅದನ್ನು ಓದಿ ಚರ್ಚಿಸೋಣ ಎಂದ ಕೆಲವರು ಊರಿಗೆ ದ್ರೋಹ ಬಗೆದವರೆಂಬ ಮಾತು ಕೇಳಬೇಕಾಯಿತು. ರೈತನ ಭಯಕ್ಕೆ ಕಾರಣವಿತ್ತು; ಅರಣ್ಯ ಇಲಾಖೆಯ ದರ್ಪವನ್ನು ಕಂಡವನು ಯಾವ ನಕ್ಷೆಯನ್ನೂ ಸುಲಭವಾಗಿ ನಂಬಲಾರ. ಆದರೆ ಓದದೆ ಸುಡುವುದು ಭಯಕ್ಕೆ ಮದ್ದಲ್ಲ. ಚಳವಳಿಯೂ ತನ್ನೊಳಗಿನ ಭಿನ್ನಮತವನ್ನು ಸಹಿಸದಿದ್ದರೆ, ಪ್ರಭುತ್ವವನ್ನು ದೂರುವ ನೈತಿಕ ಹಕ್ಕು ಅದಕ್ಕೆ ಉಳಿಯದು. ಕುರುಡು ಪ್ರೀತಿ ದೇಶದ ಮೇಲಿದ್ದರೂ ಕುರುಡು, ಊರಿನ ಮೇಲಿದ್ದರೂ ಕುರುಡು.

ದೇಶಕ್ಕೆ ವಿದ್ಯುತ್ತು ಬೇಕು, ಗಡಿಗೆ ರಸ್ತೆ ಬೇಕು, ಸೇನೆಗೆ ಗುಟ್ಟುಗಳೂ ಬೇಕು. ಹಿಂಸೆಗೆ ಕರೆ ಕೊಡುವ ಮಾತಿಗೆ ರಕ್ಷಣೆ ಬೇಕೆಂದು ಯಾವ ವಿವೇಕಿಯೂ ಕೇಳುವುದಿಲ್ಲ. ಕೇಳುತ್ತಿರುವುದು ಇಷ್ಟೇ: ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯಂಥ ಪ್ರಸ್ತಾವ ಬಂದಾಗ, ಎಷ್ಟು ಮರ, ಯಾರ ನೆಲ, ಎಷ್ಟು ವಿದ್ಯುತ್ತು, ಎಷ್ಟು ನಷ್ಟ ಎಂದು ಕೇಳುವವನನ್ನು ಶತ್ರು ಎನ್ನಬಾರದು. ಲೆಕ್ಕ ಸರಿಯಿದ್ದರೆ ತೋರಿಸಲು ಅಂಜಿಕೆ ಏಕೆ? ಸರಿಯಿಲ್ಲದಿದ್ದರೆ ಅದನ್ನು ತೋರಿಸಿಕೊಟ್ಟವನಿಗೆ ದೇಶ ಕೃತಜ್ಞವಾಗಿರಬೇಕು.

ದೇಶವೆಂದರೆ ಗೋಡೆಯ ಮೇಲಿನ ನಕ್ಷೆಯಷ್ಟೇ ಅಲ್ಲ. ಆ ನಕ್ಷೆಯೊಳಗೆ ಕಾಳಿ, ಶರಾವತಿ, ಅಘನಾಶಿನಿಗಳು ಹರಿಯುತ್ತಿವೆ. ಅವುಗಳ ದಡದಲ್ಲಿ ಮಾತಾಡಬಲ್ಲ ಮನುಷ್ಯರು ಬದುಕುತ್ತಿದ್ದಾರೆ. ಅಹವಾಲು ಸಭೆಯಲ್ಲಿ ಅಧಿಕಾರಿಗಳ ಎದುರು ಎದ್ದು ನಿಂತು ನಡುಗುವ ದನಿಯಲ್ಲಿ ತನ್ನ ಹೊಳೆಯ ಪರವಾಗಿ ಮಾತಾಡುವ ಹೆಂಗಸು ಸಂವಿಧಾನದ ಏಳನೆಯ, ಎಂಟನೆಯ ಕರ್ತವ್ಯಗಳನ್ನು ಒಟ್ಟಿಗೇ ನೆರವೇರಿಸುತ್ತಾಳೆ. ಮೊದಲನೆಯದನ್ನು ಆಕೆ ಎಂದೂ ಮೀರಿದವಳಲ್ಲ. ಶಾಲೆಯಲ್ಲಿ ಅಜ್ಜನ ಊರಿನ ಬಗ್ಗೆ ಪ್ರಶ್ನೆ ಕೇಳಿದ ಮಗುವಿಗೆ ಶಿಕ್ಷಕರು ಮುಂದಿನ ಬಾರಿ, ಕುಳಿತುಕೋ ಎನ್ನುವ ಬದಲು, ಹೋಗಿ ಅಜ್ಜನನ್ನು ಕೇಳಿಕೊಂಡು ಬಾ, ನಾಳೆ ತರಗತಿಗೆ ಹೇಳು ಎನ್ನಲಿ. ದೇಶಭಕ್ತಿಯ ನಿಜವಾದ ಪಾಠ ಅಲ್ಲಿಂದ ಆರಂಭವಾಗುತ್ತದೆ.