ವರ್ಷಕ್ಕೊಮ್ಮೆ ಕನ್ನಡ ಸಿನಿಮಾ ಕಡಲು ದಾಟಲಿ, ಪುರ್ತಗೇರಿಗೂ ಬರಲಿ

ಪುರ್ತಗೇರಿ ಇರುವುದು ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನಲ್ಲಿ. ಜಿಲ್ಲೆಯ ಗಡಿ ದಾಟಿದರೆ ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಕನೂರು ಸೀಮೆ. ಅದೇ ಎರೆಹೊಲ, ಅದೇ ಮಾತಿನ ವರಸೆ, ಅದೇ ಮಳೆಯ ಚಿಂತೆ. ಆ ಸೀಮೆಯ ಯರೇಹಂಚಿನಾಳದಲ್ಲಿ, ಊರವರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು ಜೈಶಂಕರ್ ಆರ್ಯರ್ ‘ಶಿವಮ್ಮ’ ಎಂಬ ಚಿತ್ರ ತೆಗೆದರು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ನಡುವಯಸ್ಸಿನ ಹೆಣ್ಣುಮಗಳೊಬ್ಬಳು, ಒಂದು ಕಡೆ ಕಾಯಿಲೆಯ ಗಂಡ, ಇನ್ನೊಂದು ಕಡೆ ಮದುವೆಗೆ ಬಂದ ಮಗಳು ಇರುವಾಗ, ಕೂಡಿಟ್ಟ ದುಡ್ಡನ್ನು ನೆಟ್‌ವರ್ಕ್ ಮಾರ್ಕೆಟಿಂಗ್ ವ್ಯಾಪಾರಕ್ಕೆ ಸುರಿಯುತ್ತಾಳೆ. ಅದು ಧೈರ್ಯವೋ ದುಡುಕೋ ಎಂದು ತೀರ್ಮಾನ ಹೇಳದೆ ಚಿತ್ರ ಅವಳ ಹಿಂದೆ ನಡೆಯುತ್ತದೆ. ಶರಣಮ್ಮ ಚೆಟ್ಟಿ ಆ ಪಾತ್ರದಲ್ಲಿ ನಟಿಸಿದಂತೆ ಕಾಣುವುದೇ ಇಲ್ಲ. 2022ರ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವ ಹೊಸ ನಿರ್ದೇಶಕರಿಗೆ ಕೊಡುವ ತನ್ನ ಮುಖ್ಯ ಪ್ರಶಸ್ತಿಯನ್ನು ಈ ಚಿತ್ರಕ್ಕೆ ಕೊಟ್ಟಿತು. ನಮ್ಮ ರಾಜ್ಯದ ಚಿತ್ರಮಂದಿರಗಳಿಗೆ ಅದು ಬಂದದ್ದು 2024ರ ಜೂನ್‌ನಲ್ಲಿ. ನಡುವೆ ಇಪ್ಪತ್ತು ತಿಂಗಳು. ಆ ಇಪ್ಪತ್ತು ತಿಂಗಳಲ್ಲಿ ಪ್ರಶಸ್ತಿಯ ಸುದ್ದಿ ಹಳತಾಯಿತು, ಕುತೂಹಲ ಆರಿತು. ಬೇರೆ ಬೇರೆ ದೇಶಗಳಲ್ಲಿರುವ ಕನ್ನಡಿಗರಿಗಂತೂ ಇದನ್ನು ಎಲ್ಲಿ, ಯಾವಾಗ ನೋಡಬೇಕೆಂದು ತಿಳಿಸುವ ಏರ್ಪಾಡೇ ಇರಲಿಲ್ಲ.

ಇದು ‘ಶಿವಮ್ಮ’ ಒಂದರ ಕಥೆಯಲ್ಲ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ 1972ರಲ್ಲೇ ಲೊಕಾರ್ನೋದಲ್ಲಿ ಕಂಚಿನ ಚಿರತೆ ಪಡೆದಿತ್ತು. 2015ರಲ್ಲಿ ಅದೇ ಲೊಕಾರ್ನೋದಲ್ಲಿ ರಾಮ್ ರೆಡ್ಡಿಯವರ ‘ತಿಥಿ’ಗೆ ಎರಡು ಚಿನ್ನದ ಚಿರತೆಗಳು ಸಿಕ್ಕವು. ನಟೇಶ್ ಹೆಗಡೆಯವರ ‘ಪೆಡ್ರೊ’ 2021ರಲ್ಲಿ ಬೂಸಾನಿಗೆ ಹೋಯಿತು, ಅವರ ‘ವಾಘಾಚಿಪಾಣಿ’ 2025ರಲ್ಲಿ ಬರ್ಲಿನ್ ತಲುಪಿತು. ಚಿದಾನಂದ ನಾಯ್ಕರ ಹದಿನಾರು ನಿಮಿಷದ ಕಿರುಚಿತ್ರ 2024ರ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತು. ಐವತ್ತು ವರ್ಷಗಳ ಈ ಪಟ್ಟಿಯನ್ನು ಓದಿ ಹೆಮ್ಮೆ ಪಡುವುದು ಸುಲಭ. ಆದರೆ ಇದರಲ್ಲಿ ಬಹುಪಾಲು ಪಯಣ ಆಯಾ ನಿರ್ದೇಶಕ, ನಿರ್ಮಾಪಕರು ತಾವೇ ಅರ್ಜಿ ಹಾಕಿ, ತಾವೇ ಬಾಗಿಲು ತಟ್ಟಿ ಗಳಿಸಿಕೊಂಡದ್ದು. ಬಹುಮಾನ ಬಂದಾಗ ಅಭಿನಂದನೆ ಹೇಳುತ್ತೇವೆ, ಆಮೇಲೆ ಮುಂದಿನ ಒಂಟಿ ಪ್ರಯತ್ನಕ್ಕೆ ಕಾಯುತ್ತೇವೆ. ಈ ವರ್ಷ ಕನ್ನಡದಲ್ಲಿ ಯಾವ ಒಳ್ಳೆಯ ಚಿತ್ರಗಳು ಬಂದವು ಎಂದು ಲಂಡನ್ನಿನ, ಸಿಡ್ನಿಯ, ಷಿಕಾಗೊದ ಪ್ರೇಕ್ಷಕ ಒಂದೇ ಜಾಗದಲ್ಲಿ ಕುಳಿತು ನೋಡುವಂಥ, ಪ್ರತಿವರ್ಷ ತಪ್ಪದೆ ನಡೆಯುವ, ರಾಜ್ಯವೇ ಬೆನ್ನಿಗೆ ನಿಂತ ಸಮಕಾಲೀನ ಕನ್ನಡ ಚಿತ್ರೋತ್ಸವವನ್ನು ನಾವು ಕಟ್ಟಿಕೊಂಡಿಲ್ಲ. ಅದನ್ನು ಕಟ್ಟಬೇಕು, ಮತ್ತು ಅದೇ ಚಿತ್ರಗಳು ಅದೇ ವರ್ಷ ರೋಣ, ನರಗುಂದ, ಗಜೇಂದ್ರಗಡದಂಥ ತಾಲ್ಲೂಕುಗಳಿಗೂ ಬರಬೇಕು ಎಂಬುದು ನನ್ನ ವಾದ.

ಇದು ಆಗುವ ಮಾತೇ ಎಂದು ಕೇಳುವವರು ಐರ್ಲೆಂಡನ್ನು ನೋಡಬೇಕು. 2022ರ ಗಣತಿಯ ಪ್ರಕಾರ ಆ ದೇಶದ ಜನಸಂಖ್ಯೆ 51 ಲಕ್ಷ ಚಿಲ್ಲರೆ. ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 2011ರಲ್ಲೇ 4.37 ಕೋಟಿ. ಐರ್ಲೆಂಡಿನ ಸರ್ಕಾರ ತಾನೇ ಸ್ಥಾಪಿಸಿದ್ದ ಚಲನಚಿತ್ರ ಮಂಡಳಿಯನ್ನು 1987ರಲ್ಲಿ ಮುಚ್ಚಿತು. ಆರು ವರ್ಷಗಳ ನಂತರ, 1993ರಲ್ಲಿ, ಕವಿಯೂ ಆಗಿದ್ದ ಸಂಸ್ಕೃತಿ ಸಚಿವ ಮೈಕೆಲ್ ಡಿ. ಹಿಗ್ಗಿನ್ಸ್ ಅದಕ್ಕೆ ಮತ್ತೆ ಜೀವ ಕೊಟ್ಟರು. ಮುಂದೆ ಅವರೇ ದೇಶದ ಅಧ್ಯಕ್ಷರಾದರು. ಚಿತ್ರ ತಯಾರಿಸಲು ಹಣ ಕೊಟ್ಟರೆ ಸಾಲದು, ತಯಾರಾದ ಚಿತ್ರ ಓಡಾಡಬೇಕು ಎಂಬ ಅರಿವೂ ಅಲ್ಲಿ ಬೆಳೆಯಿತು. 2005ರಲ್ಲಿ ಹುಟ್ಟಿದ ‘ಕಲ್ಚರ್ ಐರ್ಲೆಂಡ್’ ಎಂಬ ಸರ್ಕಾರಿ ಸಂಸ್ಥೆಯ ನೆರವಿನಿಂದ ಡಬ್ಲಿನ್ನಿನ ಐರಿಶ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನ ಚಿತ್ರಗಳನ್ನು ದೇಶದೇಶಗಳಿಗೆ ಕಳಿಸುತ್ತದೆ. ಲಂಡನ್ನಿನಲ್ಲಿ 2011ರಿಂದ ಐರಿಶ್ ಚಿತ್ರೋತ್ಸವವಿದೆ, ಅಮೆರಿಕ ಮತ್ತು ಆಸ್ಟ್ರೇಲಿಯಾದ ನಗರಗಳಲ್ಲೂ ಅಂಥವು ಹುಟ್ಟಿಕೊಂಡಿವೆ. ಇವುಗಳಲ್ಲಿ ತೋರಿಸುವುದು ಬಹುಪಾಲು ಆ ವರ್ಷದ, ಹಿಂದಿನ ವರ್ಷದ ಚಿತ್ರಗಳನ್ನು.

ಅವರ ಚಿತ್ರಗಳು ಇಂಗ್ಲಿಷಿನಲ್ಲಿರುತ್ತವೆ, ಅವರಿಗೆ ದಾರಿ ಸಲೀಸು ಎಂಬ ಮಾತು ಅರ್ಧ ನಿಜ. ಉಳಿದರ್ಧಕ್ಕೆ ಉತ್ತರ ‘ಆನ್ ಕಲೀನ್ ಕ್ಯೂನ್’. ಕೋಲಂ ಬಾರೇಡ್ ನಿರ್ದೇಶಿಸಿದ ಈ 2022ರ ಚಿತ್ರದ ಮಾತುಗಳು ಹೆಚ್ಚಾಗಿ ಐರಿಶ್ ಭಾಷೆಯಲ್ಲಿವೆ. ಶಾಲೆಯ ಹೊರಗೆ ದಿನವೂ ಐರಿಶ್ ಮಾತಾಡುವವರು 2022ರ ಗಣತಿಯಲ್ಲಿ ಸಿಕ್ಕದ್ದು ಸುಮಾರು 72 ಸಾವಿರ ಮಂದಿ ಮಾತ್ರ. ಮಕ್ಕಳು ತುಂಬಿದ ಬಡ ಮನೆಯಿಂದ ಒಂಬತ್ತರ ಹುಡುಗಿಯೊಬ್ಬಳನ್ನು ಬೇಸಿಗೆ ಕಳೆಯಲು ದೂರದ ಸಂಬಂಧಿಕರ ಹೊಲಮನೆಗೆ ಕಳಿಸುತ್ತಾರೆ. ಮನೆಯೊಡತಿ ಅಕ್ಕರೆಯಿಂದ ತಲೆ ಬಾಚುತ್ತಾಳೆ. ಒಡೆಯ ಮೊದಮೊದಲು ಮುಖ ಕೊಟ್ಟು ಮಾತಾಡುವುದಿಲ್ಲ. ಒಂದು ದಿನ ಅವನು ಅವಳ ಪಕ್ಕ ಹಾದುಹೋಗುವಾಗ ಮೇಜಿನ ಮೇಲೆ ಒಂದು ಬಿಸ್ಕತ್ತು ಇಟ್ಟು ಹಾಗೇ ಹೊರಗೆ ಹೋಗುತ್ತಾನೆ. ಮಾತಿಲ್ಲ, ಸಂಗೀತದ ಅಬ್ಬರವಿಲ್ಲ. ನಮ್ಮ ಎರೆಸೀಮೆಯ ಮನೆಗಳಲ್ಲಿ ಗಂಡಸರು ಪ್ರೀತಿ ತೋರುವ ಬಗೆಯನ್ನು ಬಲ್ಲವರಿಗೆ ಆ ಬಿಸ್ಕತ್ತಿನ ಅರ್ಥ ಹೇಳಿಕೊಡಬೇಕಾಗಿಲ್ಲ. ಬರ್ಲಿನ್ನಿನಲ್ಲಿ ಬಹುಮಾನ ಪಡೆದ ಈ ಚಿತ್ರ, ಬ್ರಿಟನ್ ಮತ್ತು ಐರ್ಲೆಂಡಿನ ಚಿತ್ರಮಂದಿರಗಳಲ್ಲಿ ಹತ್ತು ಲಕ್ಷ ಯೂರೊ ಗಳಿಕೆ ದಾಟಿದ ಮೊದಲ ಐರಿಶ್ ಭಾಷಾ ಚಿತ್ರವಾಯಿತು, ಮರುವರ್ಷ ಆಸ್ಕರ್ ಅಂತಿಮ ಪಟ್ಟಿಗೂ ಬಂತು. ಇದನ್ನು ಬರೀ ಅದೃಷ್ಟ ಎನ್ನಲಾಗದು. ಐರಿಶ್ ಭಾಷೆಯ ಚಿತ್ರಗಳಿಗೆಂದೇ ಅಲ್ಲಿನ ಟಿವಿ ವಾಹಿನಿ ಮತ್ತು ಚಲನಚಿತ್ರ ಮಂಡಳಿ ಸೇರಿ ಯೋಜನೆ ಮಾಡಿದ್ದವು. ಚಿತ್ರವನ್ನು ಊರೂರಿಗೆ ಒಯ್ಯುವ ಹಾದಿ ಮೊದಲೇ ಸವೆದಿತ್ತು.

ನಮ್ಮಲ್ಲೂ ಕನ್ನಡ ಸಿನಿಮಾ ಹೊರದೇಶಗಳಿಗೆ ಹೋಗುತ್ತಿದೆಯಲ್ಲ, ‘ಕೆಜಿಎಫ್’ ಮತ್ತು ‘ಕಾಂತಾರ’ ಜಗತ್ತನ್ನೇ ಸುತ್ತಿವೆಯಲ್ಲ ಎಂದು ಕೇಳಬಹುದು. ಹೋಗಿವೆ, ಅದು ಸಂತೋಷದ ಸಂಗತಿ. ಅವು ಹೋದದ್ದು ವ್ಯಾಪಾರದ ಬಲದಿಂದ, ಆ ಬಲ ವರ್ಷಕ್ಕೆ ಒಂದೆರಡು ಚಿತ್ರಗಳಿಗೆ ಸಿಗುತ್ತದೆ. ‘ಅಕ್ಕ’, ‘ನಾವಿಕ’ ಎಂಬ ಕನ್ನಡಿಗರ ಸಂಸ್ಥೆಗಳು ಅಮೆರಿಕದಲ್ಲಿ ನಡೆಸುವ ಸಮ್ಮೇಳನಗಳಲ್ಲಿ ತಾರೆಯರಿಗೆ ವೇದಿಕೆ ಸಿಗುತ್ತದೆ, ಹಾಡು ಕುಣಿತ ಇರುತ್ತದೆ. ಅದೂ ಬೇಕು. ಆದರೆ ‘ಹದಿನೇಳೆಂಟು’, ‘ಫೋಟೋ’, ‘ಮಿಥ್ಯ’ದಂಥ ಚಿತ್ರಗಳಿಗೆ ಬೇಕಾದದ್ದು ಕತ್ತಲು ತುಂಬಿದ ಒಂದು ಸಭಾಂಗಣ, ಒಳ್ಳೆಯ ಸಬ್‌ಟೈಟಲ್, ಚಿತ್ರದ ನಂತರ ನಿರ್ದೇಶಕರೊಂದಿಗೆ ಅರ್ಧ ಗಂಟೆಯ ಮಾತುಕತೆ. ಲಾಕ್‌ಡೌನ್ ಕಾಲದಲ್ಲಿ ನಡೆದೇ ಊರು ಸೇರಲು ಹೊರಟ ತಂದೆ ಮಗನನ್ನು ಉತ್ಸವ್ ಗೋನವಾರ ‘ಫೋಟೋ’ದಲ್ಲಿ ತೋರಿಸಿದ್ದಾರೆ. ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋಗುವ ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳಿಗೆ ಅದು ತಮ್ಮದೇ ಕಥೆ. ಅದನ್ನು ಕನ್ನಡೇತರರೂ ನೋಡಬೇಕು, ಆದರೆ ಸಮ್ಮೇಳನದ ಸಂಜೆಯ ಗದ್ದಲದಲ್ಲಿ ಅದಕ್ಕೆ ಜಾಗವಿಲ್ಲ.

ಒಟಿಟಿ ಇರುವಾಗ ಉತ್ಸವ ಏಕೆ ಎಂಬುದು ಇನ್ನೊಂದು ಆಕ್ಷೇಪ. ಒಟಿಟಿ ಕನ್ನಡದ ಸಣ್ಣ ಚಿತ್ರಗಳ ಕೈ ಹಿಡಿದಿಲ್ಲ ಎಂಬುದಕ್ಕೆ ‘ಏಕಂ’ ಎಂಬ ಸರಣಿಯ ಪಾಡೇ ಸಾಕ್ಷಿ. ರಕ್ಷಿತ್ ಶೆಟ್ಟಿಯಂಥ ಹೆಸರಾಂತ ನಿರ್ಮಾಪಕರಿದ್ದರೂ ಯಾವ ದೊಡ್ಡ ವೇದಿಕೆಯೂ ಕೊಳ್ಳದೆ, 2024ರ ಜುಲೈನಲ್ಲಿ ಆ ಸರಣಿಯನ್ನು ಅವರು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಇದಕ್ಕೆ ಎದುರಾಗಿ ‘ಲೂಸಿಯಾ’ವನ್ನು ಇಟ್ಟು ನೋಡಿ. ಪ್ರೇಕ್ಷಕರ ದುಡ್ಡಿನಿಂದಲೇ ಪವನ್ ಕುಮಾರ್ ಮಾಡಿದ ಆ ಚಿತ್ರ 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡು ಪ್ರೇಕ್ಷಕರ ಮೆಚ್ಚಿನ ಚಿತ್ರವೆನಿಸಿತು. ಆ ಮಾತು ಊರಿಗೆ ಬಂದು ಮುಟ್ಟಿ, ಇಲ್ಲಿನ ಬಿಡುಗಡೆಗೆ ಬಲ ಕೊಟ್ಟಿತು. ಸಾಲಾಗಿ ಕುಳಿತ ಇನ್ನೂರು ಜನ ಒಟ್ಟಿಗೆ ನಕ್ಕು ಒಟ್ಟಿಗೆ ಸುಮ್ಮನಾದಾಗ ಚಿತ್ರಕ್ಕೆ ಸಿಗುವ ಹೆಸರನ್ನು ಮೊಬೈಲಿನ ಪಟ್ಟಿಯಲ್ಲಿ ನೂರನೆಯದಾಗಿ ಕುಳಿತ ಚಿತ್ರ ಗಳಿಸಲಾರದು.

ಉತ್ಸವದ ಚಿತ್ರಗಳು ನಮ್ಮ ಬಡತನವನ್ನು ಪರದೇಶದವರಿಗೆ ಮಾರುತ್ತವೆ ಎಂಬ ದೂರು ಹಳೆಯದು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಅಂಥ ಲೆಕ್ಕಾಚಾರದ ಚಿತ್ರಗಳು ಎಲ್ಲ ಭಾಷೆಗಳಲ್ಲೂ ಬಂದಿವೆ. ಆದರೆ ‘ತಿಥಿ’ ನೋಡಿದವರು ಮಂಡ್ಯದ ಹಳ್ಳಿಯವರ ಮೇಲೆ ಕನಿಕರ ಪಡುವುದಿಲ್ಲ, ಅವರ ಜೊತೆ ನಗುತ್ತಾರೆ. ಶಿವಮ್ಮ ಬಡವಿ, ಅಷ್ಟೇ ಹಟಮಾರಿ, ಆಸೆಬುರುಕಿ, ಛಲದವಳು. ಅವಳನ್ನು ನೋಡಿ ಅಯ್ಯೋ ಎನ್ನಲು ಚಿತ್ರ ಅವಕಾಶವನ್ನೇ ಕೊಡುವುದಿಲ್ಲ. ಇನ್ನೊಂದು ಮಾತು: ದಶಕಗಳ ಕಾಲ ನಮ್ಮ ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತು ಬಂದದ್ದು ಹೆಚ್ಚಾಗಿ ನಗಿಸುವ ಪಾತ್ರಗಳ ಬಾಯಲ್ಲಿ. ಈ ಸೀಮೆಯ ಹೆಣ್ಣುಮಗಳು ತನ್ನದೇ ಮಾತಿನಲ್ಲಿ ಚಿತ್ರದ ಉದ್ದಕ್ಕೂ ನಿಂತು, ಆ ಮಾತನ್ನು ಯಾರೂ ನಗೆಪಾಟಲು ಮಾಡದೆ ಇರುವುದು ನನಗೆ ಯಾವ ಬಹುಮಾನಕ್ಕಿಂತಲೂ ದೊಡ್ಡದು. ಹೊರಗಿನವರು ಏನು ನೋಡಬೇಕೆಂದು ನಾವೇ ಪ್ರತಿವರ್ಷ ಹತ್ತು ಚಿತ್ರ ಆರಿಸಿ ಕಳಿಸಿದರೆ, ಅದರಲ್ಲಿ ಹಳ್ಳಿಯೂ ನಗರವೂ ಪ್ರೇಮವೂ ಭಯವೂ ನಗೆಯೂ ಇರುತ್ತವೆ. ಒಂದೇ ಚಿತ್ರ ಹೋದಾಗ ಇಡೀ ನಾಡನ್ನು ಅದೊಂದೇ ಹೊತ್ತು ನಿಲ್ಲಬೇಕಾಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬರಬೇಕಾದದ್ದು ಪುರ್ತಗೇರಿಯಂಥ ಊರಿನಿಂದಲೇ. ನಮಗೇ ತೋರಿಸದ ಚಿತ್ರಗಳನ್ನು ನಮ್ಮ ತೆರಿಗೆಯ ಹಣದಲ್ಲಿ ಸಿಡ್ನಿಗೆ ತೋರಿಸುವುದು ಯಾವ ನ್ಯಾಯ? ಈ ಪ್ರಶ್ನೆ ಸರಿಯಾದದ್ದು. ಅದಕ್ಕಾಗಿಯೇ ಎರಡನ್ನೂ ಬೇರ್ಪಡಿಸಬಾರದು ಎನ್ನುತ್ತೇನೆ. ಹತ್ತು ಚಿತ್ರಗಳನ್ನು ಆರಿಸುವುದು, ನಿರ್ಮಾಪಕರಿಂದ ಪ್ರದರ್ಶನದ ಒಪ್ಪಿಗೆ ಪಡೆಯುವುದು, ಪ್ರತಿಗಳನ್ನು ಸಿದ್ಧಪಡಿಸುವುದು, ಇವೆಲ್ಲ ಒಂದೇ ಸಲ ಮಾಡುವ ಕೆಲಸ. ಒಮ್ಮೆ ಮಾಡಿದರೆ ಅದೇ ಗಂಟು ಲಂಡನ್ನಿಗೂ ಹೋಗುತ್ತದೆ, ರೋಣಕ್ಕೂ ಬರುತ್ತದೆ. ಊರೂರು ಸುತ್ತುವ ಕಲೆ ಗದಗ ಸೀಮೆಗೆ ಹೊಸತಲ್ಲ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನಲ್ಲಿ ಹುಟ್ಟಿದ್ದು. ಜಾತ್ರೆ ನಡೆದಲ್ಲಿ ತಂಬು ಹೂಡಿ ನಾಟಕ ಆಡುವ ಕಂಪನಿಗಳನ್ನು ಈ ಭಾಗದ ಜನ ತಲೆಮಾರುಗಳಿಂದ ಸಾಕಿದ್ದಾರೆ. ಟಿಕೆಟ್ ಕೊಂಡು, ರಾತ್ರಿಯಿಡೀ ಕುಳಿತು, ಮರುದಿನ ಆ ನಾಟಕದ ಗುಣದೋಷ ಮಾತಾಡಿದ ಪ್ರೇಕ್ಷಕರಿಗೆ ಗಂಭೀರ ಸಿನಿಮಾ ಹಿಡಿಸದು ಎಂದು ಬೆಂಗಳೂರಿನಲ್ಲಿ ಕುಳಿತು ತೀರ್ಮಾನಿಸುವುದು ತಪ್ಪು. ಹಣ ಒಂದಕ್ಕೇ ಸಾಲುತ್ತದೆ ಎಂದಾದರೆ ಮೊದಲ ವರ್ಷ ತಾಲ್ಲೂಕುಗಳಿಂದಲೇ ಶುರುವಾಗಲಿ.

ಸರ್ಕಾರದ ಬಳಿ ಸಾಧನ ಇಲ್ಲವೆನ್ನಲಾಗದು. ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುವ ಪದ್ಧತಿ ಇದೆ. 2006ರಲ್ಲಿ ಆರಂಭವಾದ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಕನ್ನಡ ಚಿತ್ರಗಳಿಗೆ ಪ್ರತ್ಯೇಕ ಸ್ಪರ್ಧೆಯಿದೆ, ಅದಕ್ಕಾಗಿ ಚಿತ್ರಗಳನ್ನು ನೋಡಿ ಆರಿಸುವ ಕೆಲಸ ಹೇಗೂ ನಡೆಯುತ್ತದೆ. ಆ ಪಟ್ಟಿ ಉತ್ಸವ ಮುಗಿದ ದಿನ ಕಡತ ಸೇರಬೇಕಿಲ್ಲ, ಅದೇ ಪಯಣದ ಪಟ್ಟಿಯಾಗಬಹುದು. 2025ರ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳ ಭಂಡಾರಕ್ಕೆ 3 ಕೋಟಿ ರೂಪಾಯಿ ಹೇಳಿದ್ದರು, ಸರ್ಕಾರದ್ದೇ ಒಟಿಟಿ ತರುವ ಮಾತೂ ಅದರಲ್ಲಿತ್ತು. ಭಂಡಾರ ಖಂಡಿತ ಬೇಕು. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಹೊಸದಾಗಿಸಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದ್ದು ಹೊರಗಿನ ಸಂಸ್ಥೆಗಳ ಕಾಳಜಿಯಿಂದ. ಆದರೆ ಹಳೆಯದನ್ನು ಉಳಿಸುವ ಕೆಲಸ ಹೊಸದನ್ನು ಹೊತ್ತು ತಿರುಗುವ ಕೆಲಸಕ್ಕೆ ಬದಲಿಯಲ್ಲ. ಹೊಸದರ ವಿಷಯದಲ್ಲಿ ನಮ್ಮ ನಿಧಾನ ಎಂಥದೆಂದರೆ, 2019ರ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. ಸಮಕಾಲೀನ ಚಿತ್ರೋತ್ಸವವೊಂದು ಹೀಗೆ ನಡೆಯಲಾರದು. ಅದಕ್ಕೆ ಚಲನಚಿತ್ರ ಅಕಾಡೆಮಿಯ ಅಡಿಯಲ್ಲಿ ಮೂರು ವರ್ಷ ಬದಲಾಗದ ಒಂದು ಸಣ್ಣ ಆಯ್ಕೆ ಸಮಿತಿ, ನಿಗದಿಯಾದ ತಿಂಗಳು, ಹೊರದೇಶದ ಕನ್ನಡ ಸಂಘಗಳೊಂದಿಗೆ ಲಿಖಿತ ಒಪ್ಪಂದ ಬೇಕು. ಸಮಿತಿಯಲ್ಲಿ ಕಲ್ಯಾಣ ಕರ್ನಾಟಕ, ಕಿತ್ತೂರು ಕರ್ನಾಟಕದವರಿಗೆ ಖಾಯಂ ಜಾಗವಿರಲಿ. ಜೊತೆಗೆ ಸಹಾಯಧನದ ಅರ್ಜಿಯಲ್ಲಿ ಒಂದು ಷರತ್ತು ಸೇರಲಿ: ಚಿತ್ರ ತೆರೆಕಂಡ ಆರು ತಿಂಗಳ ನಂತರ, ಆಯ್ಕೆಯಾದರೆ, ಈ ಉತ್ಸವಕ್ಕೂ ರಾಜ್ಯದ ತಾಲ್ಲೂಕು ಕೇಂದ್ರಗಳ ಪ್ರದರ್ಶನಕ್ಕೂ ನಿರ್ಮಾಪಕರು ಅನುಮತಿ ಕೊಡಬೇಕು, ಸರ್ಕಾರ ಪ್ರತಿ ಪ್ರದರ್ಶನಕ್ಕೆ ಅವರಿಗೆ ಗೌರವಧನ ಕೊಡಬೇಕು. ಇಷ್ಟಕ್ಕೆ ಹೊಸ ಕಾನೂನು ಬೇಕಿಲ್ಲ, ಅರ್ಜಿ ನಮೂನೆಯಲ್ಲಿ ಒಂದು ಪ್ಯಾರಾ ಸೇರಿಸಿದರೆ ಸಾಕು.